ಹಳೆಯ ನಕ್ಷೆಗಳನ್ನೇ ಮತ್ತೆ ಮಾಡುತ್ತ ಆರ್ ಕಲಿತದ್ದು

ಭೂಗೋಳದವರಿಗೆ ಕೋಡಿಂಗ್ ತಲೆಗೆ ಹತ್ತುವುದಿಲ್ಲ ಎಂದಿದ್ದವರೇ ಈಗ ತಮ್ಮ ಪ್ರಬಂಧದ ದತ್ತಾಂಶ ಹಿಡಿದುಕೊಂಡು ನನ್ನ ಬಳಿ ಬರುತ್ತಿದ್ದಾರೆ. ಅಂಕಿಅಂಶಗಳ ಲೆಕ್ಕಕ್ಕೂ ನಕ್ಷೆಗಳಿಗೂ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೇಗೆ ಕಲಿತೆನೆಂದು ಎಲ್ಲರಿಗೂ ಬೇರೆಬೇರೆಯಾಗಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಮೊದಲು ಕೈಬಿಟ್ಟದ್ದು ದುಡ್ಡು. ಹೆಚ್ಚುಕಡಿಮೆ ಎರಡು ತಿಂಗಳ ಖರ್ಚಿನಷ್ಟು ಹಣವನ್ನು ಒಂದು ಡೇಟಾ ಸೈನ್ಸ್ ಕೋರ್ಸಿಗೆ ಸುರಿದೆ. ಅಲ್ಲಿ ಐರಿಸ್ ಹೂವಿನ ಎಸಳಿನ ಅಳತೆ, ಕಾರುಗಳ ಮೈಲೇಜು ಬಿಟ್ಟರೆ ಬೇರೇನಿಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗಿಳಿಸುವ ಪ್ರೊಜೆಕ್ಷನ್ ಎಂಬ ಮಾತೇ ಏಳಲಿಲ್ಲ. ಆಮೇಲೆ ಬಿಟ್ಟಿ ಪಾಠಗಳ ಬೆನ್ನು ಹತ್ತಿದೆ. ಅವುಗಳಲ್ಲಿ ಬಹಳಷ್ಟು ಆರ್‌ನ ಹಳೆಯ ನಕ್ಷೆ ಪ್ಯಾಕೇಜುಗಳಾದ ಆರ್‌ಜಿಡಾಲ್, ಮ್ಯಾಪ್‌ಟೂಲ್ಸ್‌ಗಳನ್ನು ನಂಬಿಕೊಂಡವು. 2023ರ ಅಕ್ಟೋಬರ್‌ನಲ್ಲಿ ಅವು ನಿವೃತ್ತವಾದವು, ಪಾಠಗಳು ಮೊದಲ ಸಾಲಿನಲ್ಲೇ ಮುಗ್ಗರಿಸತೊಡಗಿದವು.

ಕೊನೆಗೆ ಪಾಠಗಳನ್ನೆಲ್ಲ ಬದಿಗಿಟ್ಟು, ಪ್ರಯೋಗಾಲಯದಲ್ಲಿ ಕ್ಲಿಕ್ ಮಾಡಿ ತಯಾರಿಸಿದ್ದ ಹಳೆಯ ನಕ್ಷೆಗಳನ್ನೇ ಆರ್‌ನ ಈಗಿನ ನಕ್ಷೆ ಪ್ಯಾಕೇಜಾದ ಎಸ್‌ಎಫ್‌ನಲ್ಲಿ ಮತ್ತೆ ಮಾಡಲು ಕುಳಿತೆ. ಉತ್ತರ ಮೊದಲೇ ಕೈಯಲ್ಲಿರುವುದರಿಂದ ಕೋಡ್ ಸುಳ್ಳು ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ವಿಸ್ತೀರ್ಣ ಮಾತ್ರ ಶೇಕಡಾ ಒಂದಕ್ಕಿಂತ ಕಡಿಮೆ ವ್ಯತ್ಯಾಸ ತೋರಿಸಿ, ತಾಳೆಯಾಗದೆ ಸತಾಯಿಸಿತು: ಅಕ್ಷಾಂಶ ರೇಖಾಂಶದ ಪಾಲಿಗನ್ನನ್ನು (ಪ್ರದೇಶದ ಗಡಿಯ ಆಕೃತಿಯನ್ನು) ಎಸ್‌ಎಫ್ ಗೋಳದ ಮೇಲೆ ಅಳೆಯುತ್ತಿತ್ತು, ನನ್ನ ಹಳೆಯ ಲೆಕ್ಕ ಯುಟಿಎಂ ಎಂಬ ಪ್ರೊಜೆಕ್ಷನ್ನಿನ ಸಮತಲದ್ದು. ಯಾವ ಕೋರ್ಸೂ ಹೇಳದ ಸಂಗತಿ ಇದು. ನಕ್ಷೆಯ ದತ್ತಾಂಶ ಇಡುವ ಹಳೆಯ ಕಡತ ರೂಪವಾದ ಶೇಪ್‌ಫೈಲ್ ಅನ್ನು ಆಗಲೇ ಕೈಬಿಟ್ಟೆ. ಹತ್ತು ಅಕ್ಷರ ಮೀರಿದ ಕಾಲಂ ಹೆಸರನ್ನು ಅದು ಕತ್ತರಿಸುತ್ತದೆ. ಎರಡು ಜನಗಣತಿಗಳ ಕಾಲಂಗಳಲ್ಲಿ ಇಸವಿಯೇ ಹಾರಿಹೋಗಿ ಯಾವುದು ಯಾವ ವರ್ಷದ್ದೆಂದು ತಿಳಿಯದಾಯಿತು. ಅದರ ಬದಲಿಗೆ ಬಳಸಬಹುದಾದ ಜಿಯೋಪ್ಯಾಕೇಜ್ ಎಂಬ ಕಡತ ರೂಪದಲ್ಲಿ ಈ ರಗಳೆಯಿಲ್ಲ.

ನಡುವೆ ಒಂದು ಚಪಲ. ಅಕ್ಕಪಕ್ಕದ ಪ್ರದೇಶಗಳ ಅಂಕಿಗಳು ಎಷ್ಟು ಹೋಲುತ್ತವೆಂದು ಅಳೆಯುವ ಮೊರಾನ್ ಸೂಚ್ಯಂಕ ಸಾಕ್ಷರತೆಗೆ ಸುಮಾರು 0.6 ಬಂದಿತ್ತು. ಅವೇ ಸಾಕ್ಷರತೆಯ ಅಂಕಿಗಳನ್ನು ನಕ್ಷೆಯ ಪ್ರದೇಶಗಳ ನಡುವೆ ಸಾವಿರದಷ್ಟು ಸಲ ಕಲಸಿ ಹಂಚಿದೆ. ಒಮ್ಮೆಯೂ ಸೂಚ್ಯಂಕ ಆ ಎತ್ತರದ ಹತ್ತಿರ ಸುಳಿಯಲಿಲ್ಲ. ಪಿ-ಮೌಲ್ಯ, ಅಂದರೆ ಬರೀ ಆಕಸ್ಮಿಕವಾಗಿ ಇಷ್ಟು ದೊಡ್ಡ ಅಂಕಿ ಬರುವ ಸಂಭವ, ಏನೆಂದು ನನಗೆ ತಿಳಿದದ್ದು ಆ ಸಾವಿರ ಫಲಿತಾಂಶಗಳ ಹಿಸ್ಟೋಗ್ರಾಂ ನೋಡಿದ ಮೇಲೆಯೇ. ನೆರೆಹೊರೆಯ ನಿಯಮವನ್ನು ಮೂಲೆ ತಾಗಿದರೂ ಸಾಕೆನ್ನುವ ಕ್ವೀನ್‌ನಿಂದ ಗಡಿಯೇ ತಾಗಬೇಕೆನ್ನುವ ರೂಕ್‌ಗೆ ಬದಲಿಸಿದರೂ ಅಂಕಿ ಅಲುಗಲಿಲ್ಲ. ಆದರೆ ನೆರೆಹೊರೆಯೇ ಇಲ್ಲದ ಒಂದು ದ್ವೀಪ, ಯಾವುದು ಯಾವುದಕ್ಕೆ ಎಷ್ಟು ಹತ್ತಿರದ ನೆರೆಯೆಂದು ಹೇಳುವ ಸ್ಪೇಷಿಯಲ್ ತೂಕದ ಲೆಕ್ಕವನ್ನು ತಡೆದು ನಿಲ್ಲಿಸಿತು. ಅದನ್ನು ಹೇಗೆ ಪಳಗಿಸಿದೆ, ನಕ್ಷೆಯ ವರ್ಗಗಳ ಗಡಿಗಳನ್ನು ಹೇಗೆ ಆರಿಸುತ್ತೇನೆ ಎಂಬ ಎರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಉಪಗ್ರಹ ಚಿತ್ರಗಳಿಗೆ ದುಬಾರಿ ಯಂತ್ರ ಬೇಕೇ ಬೇಕು ಎಂದು ಹೆದರಿಸಿದವರಿದ್ದರು. ಆರ್‌ನ ಟೆರ್ರಾ ಪ್ಯಾಕೇಜು ದೊಡ್ಡ ರಾಸ್ಟರನ್ನು (ಚೌಕಗಳ ಜಾಲವಾಗಿರುವ ಚಿತ್ರವನ್ನು) ತುಂಡುತುಂಡಾಗಿ ಓದುತ್ತದೆ. ಮೊದಲು ಕ್ರಾಪ್, ಆಮೇಲೆ ಲೆಕ್ಕ. ನನ್ನ 8 ಜಿಬಿಯ ಹಳೆಯ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಆದರೆ ಕೆಲಸ ಮುಗಿಸುತ್ತದೆ. ಹೊಸದಕ್ಕೆಂದು ಎತ್ತಿಟ್ಟ ಹಣದಿಂದ ಕೋರ್ಸಿನ ಸಾಲ ತೀರಿತು.