ಪಂಪಿನ ಜಾಲರಿ ಬಿಚ್ಚಿ ನೋಡಿ: ಮೋಟಾರ್‌ಹೋಮ್‌ನಲ್ಲಿ ಕುಡಿಯುವ ನೀರು ಕೆಡದಂತೆ ನೋಡಿಕೊಳ್ಳುವುದು

ಮೋಟಾರ್‌ಹೋಮ್, ಅಂದರೆ ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲ ಒಳಗೇ ಇರುವ ಗಾಡಿ, ಕೊಂಡ ಎರಡನೆಯ ವರ್ಷ ಅಡುಗೆಕಟ್ಟೆಯ ನಲ್ಲಿ ಬಿಕ್ಕುತ್ತಾ ಬಿಕ್ಕುತ್ತಾ ನೀರು ಬಿಡತೊಡಗಿತು. ಪಂಪ್ ಕೈಕೊಟ್ಟಿದೆ, ಹೊಸದು ಹಾಕಿಸೋಣ ಎಂದರು ನಮ್ಮವರು. ನಾನು ಸೀಟಿನ ಕೆಳಗೆ ತಲೆ ತೂರಿಸಿ, ಪಂಪಿನ ಮುಂದಿದ್ದ ಪುಟ್ಟ ಜಾಲರಿಯ ಮುಚ್ಚಳವನ್ನು ತಿರುಗಿಸಿ ತೆಗೆದೆ. ಒಳಗೆ ಕಂದು ಬಣ್ಣದ ಲೋಳೆ, ಅದರ ನಡುವೆ ಪ್ಲಾಸ್ಟಿಕ್ಕಿನ ಚೂರುಗಳು, ಒಂದು ಸತ್ತ ಇರುವೆ.

"ಇದನ್ನೇ ಕುಡಿಯುತ್ತಿದ್ದೆವೇ?" ಎಂದು ಕೇಳಿದರು.

"ನಾನು ದಿನಕ್ಕೆ ಆರು ಲೋಟ, ನೀವು ನಾಲ್ಕು," ಎಂದೆ.

ಪ್ರಯೋಗಾಲಯದಲ್ಲಿ 31 ವರ್ಷ ಬೇರೆಯವರು ತಂದುಕೊಟ್ಟ ನೀರನ್ನು ಪರೀಕ್ಷಿಸಿದವಳು ನಾನು. ನಮ್ಮದೇ ಗಾಡಿಯ ನೀರನ್ನು ಒಮ್ಮೆಯೂ ನೋಡಿರಲಿಲ್ಲ. ಆ ನಾಚಿಕೆಯಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಗಾಡಿಯಲ್ಲೂ ಆ ಜಾಲರಿ ಇರಬಹುದು. ಮುಂದೆ ಓದುವ ಮೊದಲು ಒಮ್ಮೆ ಬಿಚ್ಚಿ ನೋಡಿ ಬನ್ನಿ. ಪಂಪಿನ ಸ್ವಿಚ್ ಆರಿಸಿ, ಕೆಳಗೆ ಒಂದು ಬಟ್ಟೆ ಹಾಸಿಕೊಳ್ಳಿ; ಒಂದು ಲೋಟದಷ್ಟು ನೀರು ಚೆಲ್ಲುತ್ತದೆ.

ನಾವು ತುಂಬಿಸಿಕೊಳ್ಳುವ ನಲ್ಲಿನೀರು ಹೆಚ್ಚಿನ ಕಡೆ ಚೆನ್ನಾಗಿಯೇ ಇರುತ್ತದೆ. ಕೆಡುವುದು ನಮ್ಮ ಕೈಗೆ ಬಂದ ಮೇಲೆ. ಊರಿನ ನೀರಿನಲ್ಲಿರುವ ಅಲ್ಪ ಕ್ಲೋರಿನ್ ಟ್ಯಾಂಕಿನಲ್ಲಿ ನಿಂತಷ್ಟೂ ಕಡಿಮೆಯಾಗುತ್ತಾ ಹೋಗುತ್ತದೆ, ಬಿಸಿಲಿಗೆ ಗಾಡಿ ಕಾದರೆ ಇನ್ನೂ ಬೇಗ. ಕಾವಲು ಹೋದ ಮೇಲೆ, ನೀರಿನಲ್ಲಿ ಉಳಿದಿದ್ದ ಬೆರಳೆಣಿಕೆಯ ಸೂಕ್ಷ್ಮಜೀವಿಗಳು ಪೈಪಿನ ಒಳಗೋಡೆಗೆ ಅಂಟಿಕೊಂಡು ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ನೀರಿನಲ್ಲಿ ತೇಲುವ ಜೀವಿಯನ್ನು ಕ್ಲೋರಿನ್ ಸುಲಭವಾಗಿ ಕೊಲ್ಲುತ್ತದೆ, ಲೋಳೆಯೊಳಗೆ ಅವಿತಿರುವುದನ್ನು ಅಷ್ಟು ಸುಲಭವಾಗಿ ಮುಟ್ಟಲಾರದು. ಆದ್ದರಿಂದ ನಮ್ಮ ಕೆಲಸ ಎರಡೇ: ಕೊಳೆ ಒಳಗೆ ಬರದಂತೆ ನೋಡುವುದು, ಬಂದ ನೀರು ನಿಲ್ಲದಂತೆ ನೋಡುವುದು.

ಹೋಸ್ ಪೈಪ್

ಅತಿ ಹೆಚ್ಚು ಅಸಡ್ಡೆಗೆ ಗುರಿಯಾಗುವುದು ಇದೇ. ತೋಟಕ್ಕೆ ನೀರು ಹಾಕುವ ಪೈಪ್ ಬೇಡ. ಅದರ ಪ್ಲಾಸ್ಟಿಕ್ಕಿನ ವಾಸನೆ ನೀರಿಗೆ ಇಳಿಯುತ್ತದೆ, ಪಾರದರ್ಶಕವಾಗಿದ್ದರೆ ಬೆಳಕು ಬಿದ್ದು ಒಳಗೆ ಪಾಚಿ ಕಟ್ಟುತ್ತದೆ. ಕುಡಿಯುವ ನೀರಿಗೆಂದೇ ತಯಾರಾದ, ಬೆಳಕು ತೂರದ ಪೈಪನ್ನು ಕೊಳ್ಳಿ. ಉದ್ದ ಎಷ್ಟು ಬೇಕೋ ಅಷ್ಟೇ ಇರಲಿ. ನಾನು 25 ಮೀಟರ್ ಒಂದೇ ಸುರುಳಿ ತಂದು ಪಶ್ಚಾತ್ತಾಪಪಟ್ಟವಳು. ಅದರೊಳಗಿನ ನೀರನ್ನು ಪೂರ್ತಿ ಬಸಿಯಲು ಆಗುವುದೇ ಇಲ್ಲ. ಈಗ 10 ಮೀಟರಿನ ಎರಡು ತುಂಡುಗಳಿವೆ, ಹೆಚ್ಚಿನ ಸಲ ಒಂದೇ ಸಾಕಾಗುತ್ತದೆ.

ಬಳಸಿದ ಕೂಡಲೇ ಪೈಪಿನ ಒಂದು ತುದಿಯನ್ನು ಎತ್ತಿ ಹಿಡಿದು, ಕೈಯಿಂದ ಕೈಗೆ ಸರಿಸುತ್ತಾ ನೀರೆಲ್ಲ ಇಳಿಸಿ. ಆಮೇಲೆ ಎರಡೂ ತುದಿಗಳನ್ನು ಪರಸ್ಪರ ಜೋಡಿಸಿ ಮುಚ್ಚಿಬಿಡಿ. ಇರುವೆ ಒಳಗೆ ಹೋದದ್ದು ಬಹುಶಃ ತೆರೆದಿಟ್ಟ ತುದಿಯಿಂದಲೇ. ಪೈಪನ್ನು ಶೌಚಾಲಯದ ಡಬ್ಬಿ (ಮಲಮೂತ್ರ ತುಂಬುವ, ಹೊರಗೆ ತೆಗೆದು ಖಾಲಿ ಮಾಡುವ ಡಬ್ಬಿ), ಕೊಳೆನೀರಿನ ಪೈಪು ಇಡುವ ಗೂಡಿನಲ್ಲಿ ಇಡಬೇಡಿ. ನಮ್ಮದು ಮುಚ್ಚಳವಿರುವ ಬೇರೆ ಡಬ್ಬಿಯಲ್ಲಿ, ಗಾಡಿಯ ಇನ್ನೊಂದು ಬದಿಯಲ್ಲಿದೆ.

ಇನ್ನು ಗಾಡಿಗಳು ತಂಗುವ ಜಾಗದಲ್ಲಿ ನೀರು ಹಿಡಿಯುವ ನಲ್ಲಿ. ಶೌಚದ ಡಬ್ಬಿ ತೊಳೆಯುವ ಜಾಗದಲ್ಲಿರುವ ನಲ್ಲಿಯಿಂದ, ಅದೆಷ್ಟೇ ಹತ್ತಿರವಿರಲಿ, ಕುಡಿಯುವ ನೀರು ಹಿಡಿಯಬಾರದು. ಕುಡಿಯುವ ನೀರಿನ ನಲ್ಲಿಯನ್ನೂ ನಾನು ಕಣ್ಣು ಮುಚ್ಚಿ ನಂಬುವುದಿಲ್ಲ. ಒಮ್ಮೆ ಒಬ್ಬರು ತಮ್ಮ ಶೌಚದ ಡಬ್ಬಿಯ ಬಾಯನ್ನು ನೇರವಾಗಿ ಆ ನಲ್ಲಿಗೇ ಒತ್ತಿ ಹಿಡಿದು ತೊಳೆಯುತ್ತಿದ್ದುದನ್ನು ನೋಡಿದ್ದೇನೆ. ಕೇಳಿದರೆ, "ಆ ಕಡೆ ಸರತಿ ಇತ್ತು" ಎಂದರು. ಅಂದಿನಿಂದ ತೆಳುವಾದ ಬ್ಲೀಚ್ ನೀರಿನ ಸಣ್ಣ ಸ್ಪ್ರೇ ಬಾಟಲಿ ಪೈಪಿನ ಡಬ್ಬಿಯಲ್ಲೇ ಇರುತ್ತದೆ. ನಲ್ಲಿಯ ಬಾಯಿಗೆ ಸಿಂಪಡಿಸಿ, ಒರೆಸಿ, ಒಂದು ನಿಮಿಷ ನೀರು ಹರಿಯಬಿಟ್ಟು, ಗಾಜಿನ ಲೋಟದಲ್ಲಿ ಹಿಡಿದು ನೋಡುತ್ತೇನೆ. ಕದಡಿದ್ದರೆ ಅಥವಾ ವಾಸನೆ ಬಂದರೆ ತುಂಬಿಸುವುದಿಲ್ಲ. ತಿಳಿಯಾಗಿದೆ ಎಂದ ಮಾತ್ರಕ್ಕೆ ಶುದ್ಧ ಎಂದಲ್ಲ, ಆದರೆ ಕಣ್ಣಿಗೇ ಕಾಣುವ ಕೊಳೆಯನ್ನು ಏಕೆ ಒಳಗೆ ಬಿಟ್ಟುಕೊಳ್ಳಬೇಕು?

ಟ್ಯಾಂಕ್ ಎಂಬುದು ಉಗ್ರಾಣವಲ್ಲ

ನಮ್ಮ ಟ್ಯಾಂಕ್ 100 ಲೀಟರಿನದು. ಮೊದಲೆಲ್ಲ ಅದು ಸದಾ ತುಂಬಿರಬೇಕೆಂಬ ಹಟ ನನ್ನದು. ಅರ್ಧ ಖಾಲಿಯಾದರೆ ಮತ್ತೆ ತುಂಬುವುದು, ಹಳೆಯ ನೀರಿನ ಮೇಲೆ ಹೊಸ ನೀರು. ಹೀಗೆ ಮಾಡಿದರೆ ತಳದ ನೀರು ಪೂರ್ತಿ ಹೊರಗೆ ಹೋಗುವುದೇ ಇಲ್ಲ. ಈಗ ಎರಡು ಮೂರು ದಿನಕ್ಕೆ ಬೇಕಾದಷ್ಟೇ ತುಂಬಿಸಿ, ಮುಗಿಸಿ, ಮತ್ತೆ ತುಂಬಿಸುತ್ತೇವೆ. 100 ಲೀಟರ್ ನೀರೆಂದರೆ 100 ಕಿಲೋ ತೂಕ ಎಂಬುದೂ ನೆನಪಿರಲಿ. ಗಾಡಿ ವಾರಕ್ಕಿಂತ ಹೆಚ್ಚು ನಿಲ್ಲುವುದಾದರೆ ಟ್ಯಾಂಕ್ ಬಸಿದು, ಎಲ್ಲ ನಲ್ಲಿಗಳನ್ನೂ ತೆರೆದಿಟ್ಟು ಹೋಗುತ್ತೇವೆ. ಚಳಿಗೆ ನೀರು ಹೆಪ್ಪುಗಟ್ಟುವ ಜಾಗದಲ್ಲಂತೂ ಹೀಟರ್ ಮತ್ತು ಪಂಪನ್ನೂ ಬಸಿಯಲೇಬೇಕು, ಇಲ್ಲದಿದ್ದರೆ ಒಡೆಯುತ್ತವೆ.

ಬ್ಲೀಚ್ ಹಾಕುವ ದಿನ

ವರ್ಷಕ್ಕೆ ಎರಡು ಸಲ, ಜೊತೆಗೆ ಗಾಡಿ ಬಹಳ ಕಾಲ ನಿಂತಿದ್ದಾಗ, ಅನುಮಾನದ ನೀರು ಒಳಗೆ ಹೋದಾಗ ಇದನ್ನು ಮಾಡುತ್ತೇನೆ. ಬೇಕಾದದ್ದು ಸುವಾಸನೆ, ಬಣ್ಣ, ನೊರೆಯ ಸಾಬೂನು ಯಾವುದೂ ಬೆರೆಸದ ಸಾದಾ ಬ್ಲೀಚ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಸೀಸೆಯ ಮೇಲೆ ಶೇಕಡಾ ಎಷ್ಟು ಎಂದು ಬರೆದಿರುತ್ತದೆ. ಹಳೆಯ ಸೀಸೆ ಬೇಡ, ಅದರ ಬಲ ತಿಂಗಳುಗಳಲ್ಲೇ ಕುಗ್ಗುತ್ತದೆ. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬರುವಂತೆ ಹಾಕಬೇಕು. ಲೆಕ್ಕ ಸುಲಭ: ಟ್ಯಾಂಕಿನ ಲೀಟರನ್ನು 5ರಿಂದ ಗುಣಿಸಿ, ಬ್ಲೀಚಿನ ಶೇಕಡಾವಾರಿನಿಂದ ಭಾಗಿಸಿ; ಬಂದ ಉತ್ತರ ಮಿಲಿಲೀಟರಿನಲ್ಲಿ. 100 ಲೀಟರಿನ ಟ್ಯಾಂಕಿಗೆ ಶೇ. 5ರ ಬ್ಲೀಚ್ ಆದರೆ 100 ಮಿ.ಲೀ., ಶೇ. 10ರದ್ದಾದರೆ 50 ಮಿ.ಲೀ.

ಮೊದಲು ಕಾರ್ಬನ್ ಫಿಲ್ಟರ್ ಇದ್ದರೆ ತೆಗೆದಿಡಿ. ಅದು ಕ್ಲೋರಿನ್ನನ್ನು ಹೀರಿಕೊಂಡುಬಿಡುತ್ತದೆ, ಅದರಾಚೆಯ ಪೈಪುಗಳಿಗೆ ಏನೂ ತಲುಪುವುದಿಲ್ಲ. ಹೀಟರಿನ ಕೈಪಿಡಿ ಓದಿ. ಕೆಲವು ಹೀಟರ್‌ಗಳ ಲೋಹಕ್ಕೆ ಕ್ಲೋರಿನ್ ಆಗದು, ಅಂಥವನ್ನು ಬೈಪಾಸ್ ಮಾಡಬೇಕು, ಅಂದರೆ ನೀರು ಅವುಗಳೊಳಗೆ ಹೋಗದೆ ಬಳಸಿ ಹೋಗುವಂತೆ ಮಾಡಬೇಕು. ಟ್ಯಾಂಕನ್ನು ಅರ್ಧ ತುಂಬಿಸಿ, ಬಕೆಟ್ ನೀರಿನಲ್ಲಿ ಕದಡಿದ ಬ್ಲೀಚನ್ನು ಸುರಿದು, ಆಮೇಲೆ ಕಂಠಪೂರ್ತಿ ತುಂಬಿಸಿ. ಮೇಲ್ಭಾಗದ ಗೋಡೆಯೂ ನೆನೆಯಬೇಕಲ್ಲ. ಗಾಡಿಯನ್ನು ಸ್ವಲ್ಪ ದೂರ ಓಡಿಸಿದರೆ ಒಳಗೇ ಕುಲುಕಿ ಬೆರೆಯುತ್ತದೆ. ನಂತರ ಪ್ರತಿ ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರುವವರೆಗೆ ತೆರೆಯಿರಿ. ಶವರ್, ಶೌಚಾಲಯಕ್ಕೆ ಹೋಗುವ ಪೈಪ್, ಹೊರಬದಿಯ ನಲ್ಲಿ, ಯಾವುದನ್ನೂ ಬಿಡಬೇಡಿ. ಅಪರೂಪಕ್ಕೆ ಬಳಸುವ ನಲ್ಲಿಯ ಪೈಪಿನಲ್ಲೇ ಲೋಳೆ ಹೆಚ್ಚು. ಇಡೀ ರಾತ್ರಿ, ಸುಮಾರು 12 ಗಂಟೆ, ಹಾಗೆಯೇ ಇರಲಿ. "ಕುಡಿಯಬೇಡಿ" ಎಂದು ಚೀಟಿ ಬರೆದು ನಲ್ಲಿಗೆ ಅಂಟಿಸಿ. ಚೀಟಿ ಅಂಟಿಸದ ಒಂದು ರಾತ್ರಿ ನಮ್ಮವರು ನಿದ್ದೆಗಣ್ಣಿನಲ್ಲಿ ಲೋಟ ಹಿಡಿದು ಎದ್ದು ಹೋಗಿದ್ದರು, ಮೂಗು ಕಾಪಾಡಿತು.

ಬೆಳಿಗ್ಗೆ ಎಲ್ಲವನ್ನೂ ಕೊಳೆನೀರು ಬಿಡುವ ಜಾಗದಲ್ಲಿ ಬಸಿಯಿರಿ, ಹುಲ್ಲಿಗೋ ತೊರೆಗೋ ಬೇಡ. ಹೊಸ ನೀರು ತುಂಬಿಸಿ ಖಾಲಿ ಮಾಡಿ, ವಾಸನೆ ಹೋಗುವವರೆಗೆ. ನನಗೆ ಸಾಮಾನ್ಯವಾಗಿ ಎರಡು ಸಲ ಬೇಕಾಗುತ್ತದೆ.

ಟ್ಯಾಂಕಿನಲ್ಲಿ ಸುಣ್ಣದ ಪೊರೆ ಕಟ್ಟಿದ್ದರೆ ಲೋಳೆ ಅದರಡಿಯಲ್ಲಿ ಅವಿತುಕೊಳ್ಳುತ್ತದೆ. ಆಗ ಮೊದಲು ಸಿಟ್ರಿಕ್ ಆಮ್ಲದ ದ್ರಾವಣದಿಂದ ಪೊರೆ ಕರಗಿಸಿ, ಬಸಿದು, ಶುದ್ಧ ನೀರಿನಿಂದ ಪೂರ್ತಿ ತೊಳೆದ ಮೇಲಷ್ಟೇ ಬ್ಲೀಚ್. ಆಮ್ಲವೂ ಬ್ಲೀಚೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಇಕ್ಕಟ್ಟಾದ ಗಾಡಿಯೊಳಗೆ ಅದು ಪ್ರಾಣಕ್ಕೇ ಕುತ್ತು. ವಿನೆಗರ್ ಕೂಡ ಆಮ್ಲವೇ.

ಫಿಲ್ಟರ್ ಬಗ್ಗೆ ನನ್ನ ತಕರಾರು

ಫಿಲ್ಟರ್ ಹಾಕಿಸಿದೆವು, ಇನ್ನು ಚಿಂತೆಯಿಲ್ಲ ಎನ್ನುವವರನ್ನು ಕಂಡರೆ ನನಗೆ ಚಿಂತೆಯಾಗುತ್ತದೆ. ಕಾರ್ಬನ್ ಫಿಲ್ಟರ್ ರುಚಿ ಮತ್ತು ವಾಸನೆಯನ್ನು ಸರಿಪಡಿಸುತ್ತದೆ, ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ. ಕ್ಲೋರಿನ್ ತೆಗೆದುಹಾಕುವುದರಿಂದ, ಹಳತಾದರೆ ತಾನೇ ಅವುಗಳ ತವರಾಗುತ್ತದೆ. ತಯಾರಕರು ಹೇಳಿದ ಅವಧಿಗೆ ಬದಲಿಸಿ. ಹಾಕಿದ ತಾರೀಕನ್ನು ಅದರ ಮೈಮೇಲೇ ಬರೆದಿಡಿ. 0.2 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ರಂಧ್ರದ ಫಿಲ್ಟರ್ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ವೈರಸ್ಸನ್ನು ತಡೆಯುತ್ತದೆಂದು ನಂಬುವಂತಿಲ್ಲ. ಅತಿನೇರಳೆ ಕಿರಣದಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯುವಿ ದೀಪ ಒಳ್ಳೆಯದೇ, ಆದರೆ ಕದಡಿದ ನೀರಿನಲ್ಲಿ ಕಿರಣ ಮುಟ್ಟದ ನೆರಳುಗಳು ಉಳಿದುಬಿಡುತ್ತವೆ. ನೀರಿಗೆ ಬೆರೆಸುವ ಬೆಳ್ಳಿಯಂಶದ ಹನಿಗಳು ಶುದ್ಧ ನೀರನ್ನು ಕೆಲ ಕಾಲ ಕಾಯಲು ನೆರವಾಗಬಹುದು, ಕೆಟ್ಟ ನೀರನ್ನು ಸರಿಮಾಡಲಾರವು.

ನೀರಿನ ಮೂಲದ ಮೇಲೆಯೇ ಅನುಮಾನವಿದ್ದರೆ ಕುದಿಸುವುದೇ ಮೇಲು: ಕುದಿ ಬಂದು ಮಳ್ಳುವಾಗ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಕುದಿಸಲಾಗದಿದ್ದರೆ ತಿಳಿನೀರಿಗೆ ಲೀಟರಿಗೆ ಎರಡು ಹನಿ ಸಾದಾ ಬ್ಲೀಚ್ (ಶೇ. 5ರಿಂದ 9ರವರೆಗಿನದು) ಹಾಕಿ 30 ನಿಮಿಷ ಕಾಯಿರಿ, ಕೊನೆಗೆ ಸ್ವಲ್ಪ ಕ್ಲೋರಿನ್ ವಾಸನೆ ಉಳಿದಿರಬೇಕು. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಗೆ ಮಾತ್ರ ಈ ಕ್ಲೋರಿನ್ ಲೆಕ್ಕಕ್ಕಿಲ್ಲ, ಕುದಿತಕ್ಕೆ ಅದು ಸಾಯುತ್ತದೆ. ಹೊಲಗಳ ನಡುವಿನ ಬಾವಿಯ ನೀರಿನಲ್ಲಿ ಗೊಬ್ಬರದಿಂದ ಇಳಿಯುವ ನೈಟ್ರೇಟ್ ಇದ್ದರೆ ಕುದಿಸಿ ಪ್ರಯೋಜನವಿಲ್ಲ. ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ.

ಶವರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವಿನ ನಿಂತ ನೀರಿನಲ್ಲಿ ಹೆಚ್ಚುತ್ತದೆ, ಶವರಿನ ತುಂತುರಿನೊಡನೆ ಉಸಿರಿಗೆ ಸೇರಿದರೆ ನ್ಯುಮೋನಿಯಾ ತರಬಲ್ಲದು. ಗಾಡಿ ಕೆಲ ದಿನ ನಿಂತಿದ್ದರೆ, ಹೀಟರಿನ ನೀರನ್ನು 60 ಡಿಗ್ರಿಗಿಂತ ಮೇಲೆ ಕಾಯಿಸಿ, ಶವರಿನ ತಲೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಹರಿಯಬಿಡುತ್ತೇನೆ. ತುಂತುರೂ ಏಳುವುದಿಲ್ಲ, ಕೈಯೂ ಸುಡುವುದಿಲ್ಲ.

ಬಿಸಿನೀರಿನಲ್ಲಷ್ಟೇ ಕೊಳೆತ ಮೊಟ್ಟೆಯ ವಾಸನೆ ಬಂದರೆ ಟ್ಯಾಂಕನ್ನು ದೂರಬೇಡಿ. ಹೀಟರಿನೊಳಗೆ ತುಕ್ಕು ತಡೆಯಲು ಹಾಕುವ ಮೆಗ್ನೀಷಿಯಂ ಆನೋಡ್ ಕಡ್ಡಿ ಇದ್ದರೆ ನೀರಿನ ಸಲ್ಫೇಟ್ ಮತ್ತು ಬ್ಯಾಕ್ಟೀರಿಯಾದೊಡನೆ ಸೇರಿ ಆ ವಾಸನೆ ಏಳುತ್ತದೆ. ಹೀಟರನ್ನು ಬಸಿದು ತೊಳೆದು ನೋಡಿ, ಹೋಗದಿದ್ದರೆ ಕಡ್ಡಿಯನ್ನು ಬದಲಿಸುವ ಬಗ್ಗೆ ರಿಪೇರಿಯವರನ್ನು ಕೇಳಿ.

ಬೀರುವಿನ ಬಾಗಿಲ ಒಳಬದಿಯಲ್ಲಿ ಒಂದು ಕಾಗದ ಅಂಟಿಸಿದ್ದೇವೆ. ಬ್ಲೀಚ್ ಹಾಕಿದ ದಿನ, ಫಿಲ್ಟರ್ ಬದಲಿಸಿದ ದಿನ, ಜಾಲರಿ ತೊಳೆದ ದಿನ. ಜಾಲರಿಯ ಕೆಲಸ ಈಗ ನಮ್ಮವರದು, ಮೂರು ತಿಂಗಳಿಗೊಮ್ಮೆ. ಕಳೆದ ಸಲ ಅದರ ಮುಂದೆ "ಇರುವೆ: 0" ಎಂದು ಬರೆದಿದ್ದರು.