ಅರವತ್ತು ದಾಟಿದ ಮೇಲೆ ಸ್ಪರ್ಧೆಯ ಓಟಕ್ಕೆ ಸಿದ್ಧರಾಗುವ ಬಗೆ

ಹಿರಿಯ ವಯಸ್ಸಿನವರ ಕ್ರೀಡಾಸ್ಪರ್ಧೆಯಾದ ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35ನೇ ವಯಸ್ಸಿನಿಂದ ಐದೈದು ವರ್ಷಗಳ ವಿಭಾಗಗಳಿರುವುದರಿಂದ, 65 ತುಂಬಿದವರು ತಮ್ಮ ವಾರಿಗೆಯವರೊಂದಿಗೇ ಸ್ಪರ್ಧಿಸುತ್ತಾರೆ. ಹೀಗಿದ್ದರೂ ನಮ್ಮಲ್ಲಿ ಅನೇಕರು ತಾಲೀಮನ್ನು ಮಾತ್ರ ಮೂವತ್ತರ ಹುಡುಗರ ಜೊತೆಗೆ, ಅವರ ವೇಗದಲ್ಲಿಯೇ ಮಾಡಲು ಹೋಗಿ ಕಾಲು ಕೆಡಿಸಿಕೊಳ್ಳುತ್ತಾರೆ.

ಓಟ ಶುರುಮಾಡುವ ಮೊದಲು ವೈದ್ಯರನ್ನು ಕಂಡು ಬಿಪಿ, ಶುಗರ್, ಇಸಿಜಿ ಮಾಡಿಸಿ. ‘ವಾಕಿಂಗ್ ಹೋಗುತ್ತೇನೆ’ ಎನ್ನದೆ, ಸ್ಪರ್ಧೆಗೆ ಓಡುತ್ತೇನೆ ಎಂದೇ ಸ್ಪಷ್ಟವಾಗಿ ತಿಳಿಸಿ. ಆಗ ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಬಿಪಿಗೆಂದು ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಎದೆಬಡಿತ ಓಡುವಾಗಲೂ ಹೆಚ್ಚು ಏರುವುದಿಲ್ಲವಾದ್ದರಿಂದ, ಅವರು ಕೈಗಡಿಯಾರ ತೋರಿಸುವ ಅಂಕಿಯನ್ನು ನೆಚ್ಚದೆ ತಮ್ಮ ಉಸಿರನ್ನು ನೆಚ್ಚುವುದು ಒಳ್ಳೆಯದು. ಓಡುತ್ತಲೇ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಅದು ನಿಧಾನದ ಓಟ.

ಈ ವಯಸ್ಸಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ಕಠಿಣ ದಿನಗಳ ನಡುವಿನ ಬಿಡುವು. ನನಗೆ 63 ಆಗಿದ್ದಾಗ, ಮಂಗಳವಾರ ವೇಗದ ಓಟ ಓಡಿ, ಮೈ ಹಗುರಾಗಿದೆ ಎಂಬ ಹುರುಪಿನಲ್ಲಿ ಬುಧವಾರವೂ ಅದನ್ನೇ ಮಾಡಿದೆ. ನಾಲ್ಕನೆಯ ಸುತ್ತಿನಲ್ಲಿ ಮೀನಖಂಡಕ್ಕೆ ಯಾರೋ ಕಲ್ಲು ಬೀಸಿದಂತಾಯಿತು, ಮತ್ತೆ ಓಡಲು ಏಳು ವಾರ ಬೇಕಾಯಿತು. ವಯಸ್ಸಾದ ಸ್ನಾಯು ದಣಿವನ್ನು ತಡವಾಗಿ ತಿಳಿಸುತ್ತದೆ, ಇನ್ನೂ ತಡವಾಗಿ ಚೇತರಿಸಿಕೊಳ್ಳುತ್ತದೆ. ಅಂದಿನಿಂದ ವೇಗದ ಓಟದ ನಂತರ ಕನಿಷ್ಠ ಎರಡು ದಿನ ನಿಧಾನವಾಗಿ ಓಡುತ್ತೇನೆ, ಇಲ್ಲವೇ ಬರೀ ನಡೆಯುತ್ತೇನೆ.

ಕೆನಡಾದ ಎಡ್ ವಿಟ್ಲಾಕ್ 2004ರಲ್ಲಿ, ತಮ್ಮ 73ನೇ ವಯಸ್ಸಿನಲ್ಲಿ, ಟೊರಾಂಟೊ ವಾಟರ್‌ಫ್ರಂಟ್ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದವರು. ಅವರ ತಾಲೀಮೆಂದರೆ ಮನೆಯ ಹತ್ತಿರದ ಸ್ಮಶಾನದೊಳಗಿನ ದಾರಿಯಲ್ಲಿ ಗಂಟೆಗಟ್ಟಲೆ, ಸ್ಪರ್ಧೆಯ ವೇಗಕ್ಕಿಂತ ಬಹಳ ನಿಧಾನವಾಗಿ ಸುತ್ತು ಹಾಕುವುದು. ಅಷ್ಟು ಹೊತ್ತು ಓಡುವುದು ಎಲ್ಲರ ಕೀಲುಗಳಿಗೂ ಆಗಿಬರುವುದಿಲ್ಲ; ನಾವು ಕಲಿಯಬೇಕಾದದ್ದು ಅವರ ನಿಧಾನವನ್ನು.

ಹೊಸಬರು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಆರಂಭಿಸಿ ಮೂರು ತಿಂಗಳು ಹೀಗೆಯೇ ಬೆಳೆಸಲಿ. ರೂಢಿಯಿರುವವರಿಗೆ ವಾರಕ್ಕೆ ನಾಲ್ಕು ದಿನದ ಓಟ ಸಾಕು: ಎರಡು ನಿಧಾನದವು, ಒಂದು ದೀರ್ಘ, ಒಂದು ವೇಗದ್ದು. ವೇಗದ ದಿನ ಹದಿನೈದು ಇಪ್ಪತ್ತು ನಿಮಿಷ ಮೈ ಬೆಚ್ಚಗಾಗಿಸಿಕೊಂಡು 200 ಮೀಟರಿನ ಆರು ಓಟ ಓಡಿದರೆ ಸಾಕು. ಒಂದೊಂದರ ನಡುವೆ ಉಸಿರು ಪೂರ್ತಿ ಹತೋಟಿಗೆ ಬರುವವರೆಗೆ ನಡೆಯಬೇಕು. ದೂರವನ್ನೂ ವೇಗವನ್ನೂ ಒಂದೇ ವಾರದಲ್ಲಿ ಹೆಚ್ಚಿಸಬಾರದು.

ಉಳಿದ ದಿನಗಳಲ್ಲಿ ಎರಡನ್ನು ಕಾಲಿನ ಬಲಕ್ಕೆ ಮೀಸಲಿಡಿ, ಏಕೆಂದರೆ ವಯಸ್ಸಾದಂತೆ ಸ್ನಾಯು ಕರಗಿ ಹೆಜ್ಜೆ ಗಿಡ್ಡವಾಗುತ್ತದೆ. ಮನೆಯ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿಟ್ಟು, ಗೋಡೆ ಹಿಡಿದು, ಎರಡೂ ಹಿಮ್ಮಡಿಗಳನ್ನು ಮೇಲೆತ್ತಿ. ಅನಂತರ ಒಂದು ಕಾಲಿನ ಮೇಲೆ ಭಾರ ಹಾಕಿ, ಐದು ಎಣಿಸುತ್ತ ಆ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಿ. ಪ್ರತಿ ಕಾಲಿಗೂ ಹತ್ತು ಸಲ ಮಾಡಬೇಕು. ಇಳಿಸುವಾಗ ಅವಸರ ಮಾಡಿದರೆ ಪ್ರಯೋಜನವಿಲ್ಲ, ಮೀನಖಂಡವೂ ಅದನ್ನು ಹಿಮ್ಮಡಿಗೆ ಜೋಡಿಸುವ ಸ್ನಾಯುರಜ್ಜುವೂ ಗಟ್ಟಿಯಾಗುವುದು ಆ ನಿಧಾನದ ಇಳಿತದಲ್ಲಿಯೇ. ಕುರ್ಚಿಯಿಂದ ಕೈಯೂರದೆ ಏಳುವುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಿ.

ನಮ್ಮ ಊಟದಲ್ಲಿ ಅನ್ನ, ಮುದ್ದೆ ಹೆಚ್ಚು, ಪ್ರೋಟೀನ್ ಕಡಿಮೆ; ಕಾಳಿನ ಹುಳಿ, ಮೊಸರು, ತಿನ್ನುವವರಾದರೆ ಮೊಟ್ಟೆ ಅಥವಾ ಮೀನು ಪ್ರತಿ ಹೊತ್ತೂ ಸ್ವಲ್ಪ ಇರಲಿ. ಮೂತ್ರಪಿಂಡದ ತೊಂದರೆಯಿರುವವರು ಇದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುವುದರಿಂದ, ಓಡಿ ಬಂದ ಕೂಡಲೇ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯುವ ರೂಢಿ ಒಳ್ಳೆಯದು.

ಸ್ಪರ್ಧೆಗೆ ಎರಡು ವಾರವಿರುವಾಗ ಓಡುವ ದೂರವನ್ನು ಅರ್ಧಕ್ಕೆ ಇಳಿಸಿ. ಹೊಸ ಬೂಟು ತೊಡಬೇಡಿ. ಓಡುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ ಗೆರೆ ಹತ್ತು ಮೀಟರ್ ದೂರವಿದ್ದರೂ ಅಲ್ಲಿಯೇ ನಿಂತು ನೆರವು ಕೇಳಿ. ಬೆಳಿಗ್ಗೆ ಅಂಗಿಗೆ ನಂಬರು ಚೀಟಿಯನ್ನು ಸಿಕ್ಕಿಸುವ ಮೊದಲು ಅದರ ಹಿಂಬದಿಯಲ್ಲಿ ನಿಮ್ಮ ಮಾತ್ರೆಗಳ ಹೆಸರನ್ನೂ ಮನೆಯವರ ಫೋನ್ ನಂಬರನ್ನೂ ದೊಡ್ಡಕ್ಷರದಲ್ಲಿ ಬರೆದಿಡಿ.