ಬ್ಲಾಗಿನಿಂದ ದುಡ್ಡು ಬರಬೇಕಾದರೆ ಯಾರ ಜಾಹೀರಾತು ಹಾಕಬೇಕು?

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಆರು ವರ್ಷದಿಂದ ಕನ್ನಡದಲ್ಲಿ ಹೊಲಿಗೆಯ ಬ್ಲಾಗ್ ಬರೆಯುತ್ತಿದ್ದೇನೆ. ಕಟೋರಿ ಬ್ಲೌಸ್ ಕಟಿಂಗ್, ಪ್ರಿನ್ಸೆಸ್ ಕಟ್, ತೋಳು ಬಿಗಿಯಾದರೆ ಬಿಚ್ಚಿ ಸರಿಮಾಡುವುದು, ಬಾಬಿನ್ ದಾರ ಸಿಕ್ಕಾದರೆ ಏನು ಮಾಡಬೇಕು, ಇಂಥವೇ ವಿಷಯ. ನನ್ನ ಹತ್ತಿರ ಹೊಲಿಗೆ ಕಲಿತ ಹುಡುಗಿಯರಲ್ಲಿ ಕೆಲವರು ಈಗ ತಾವೂ ಬರೆಯುತ್ತಿದ್ದಾರೆ. "ಅಕ್ಕಾ, ಯಾವ ಆಡ್ ಹಾಕ್ಲಿ? ಅಫಿಲಿಯೇಟ್ ಯಾವುದು ಸೇರ್ಲಿ?" ಎಂದು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಜಾಹೀರಾತು ನೆಟ್‌ವರ್ಕುಗಳ, ಅಂದರೆ ಜಾಹೀರಾತುದಾರರಿಂದ ಜಾಹೀರಾತು ತಂದು ನಮ್ಮ ಪುಟದಲ್ಲಿ ತೋರಿಸುವ ಕಂಪನಿಗಳ, ಹೆಸರು ಹುಡುಕುವ ಮೊದಲು ನಿಮ್ಮ ಓದುಗರನ್ನು ನೋಡಿ. ಗೂಗಲ್ ಅನಾಲಿಟಿಕ್ಸ್ ತೆರೆದು, ಅವರು ಯಾವ ಊರಿನವರು, ಮೊಬೈಲಿನಲ್ಲಿ ಓದುತ್ತಾರೋ ಕಂಪ್ಯೂಟರಿನಲ್ಲೋ, ಯಾವ ಪುಟಕ್ಕೆ ಜಾಸ್ತಿ ಬರುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನನ್ನ ಓದುಗರು ಹೆಚ್ಚುಕಡಿಮೆ ಎಲ್ಲರೂ ಮೊಬೈಲಿನವರೇ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಬರುತ್ತಾರೆ. ಒಂದು ಕೈಯಲ್ಲಿ ಗುರುತು ಹಾಕುವ ಸೀಮೆಸುಣ್ಣ, ಇನ್ನೊಂದು ಕೈಯಲ್ಲಿ ಫೋನು. ಎದುರಿಗೆ ಹರಡಿದ ಬಟ್ಟೆ. ಆ ಹೊತ್ತಿಗೆ ಇಡೀ ಪರದೆ ಮುಚ್ಚುವ ಜಾಹೀರಾತು ಬಂದರೆ ಅವರಿಗೆ ಅಳತೆಯೇ ಮರೆತುಹೋಗುತ್ತದೆ. ಒಂದು ಸಲ ಕತ್ತರಿ ತಪ್ಪಿದರೆ ರೇಷ್ಮೆ ಬಟ್ಟೆ ವಾಪಸ್ ಬರುವುದಿಲ್ಲ, ಅಲ್ವಾ? ನನ್ನ ಎಲ್ಲ ತೀರ್ಮಾನವೂ ಈ ಒಂದು ಚಿತ್ರದಿಂದಲೇ ಶುರುವಾಗುತ್ತದೆ.

ಜಾಹೀರಾತು ನೆಟ್‌ವರ್ಕಿನಲ್ಲಿ ಓದುಗರು ಪುಟ ನೋಡಿದರೆ ನಮಗೆ ಹಣ. ಅಫಿಲಿಯೇಟಿನಲ್ಲಿ ನಮ್ಮ ಲಿಂಕಿನಿಂದ ಹೋಗಿ ಅವರು ವಸ್ತು ಕೊಂಡರೆ ಮಾತ್ರ ಕಮಿಷನ್. ಸಾವಿರಾರು ಜನ ಬಂದು ಓದಿ ಹೋಗುವ ಪುಟಕ್ಕೆ ಮೊದಲನೆಯದು ಸರಿ. ಕಡಿಮೆ ಜನ ಬಂದರೂ "ಯಾವ ಮೆಷಿನ್ ತಗೊಳ್ಲಿ" ಎಂದು ಹುಡುಕಿ ಬರುವ ಪುಟಕ್ಕೆ ಎರಡನೆಯದು. ಎರಡನ್ನೂ ಒಂದೇ ಪುಟದಲ್ಲಿ ತುರುಕಬೇಡಿ.

ಮೊದಲ ನೆಟ್‌ವರ್ಕ್

ಕನ್ನಡದಲ್ಲಿ ಬರೆಯುವವರಿಗೆ ನಾನು ಮೊದಲು ಹೇಳುವುದು ಗೂಗಲ್ ಆಡ್‌ಸೆನ್ಸ್. ಅದು ಒಪ್ಪುವ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಇಂತಿಷ್ಟು ಓದುಗರು ಇರಲೇಬೇಕು ಎಂಬ ಷರತ್ತಿಲ್ಲ. ನಿಮಗೆ 18 ವರ್ಷ ಆಗಿರಬೇಕು, ಬರಹ ನಿಮ್ಮದೇ ಆಗಿರಬೇಕು. ಅರ್ಜಿ ಹಾಕುವ ಮೊದಲು ಕನಿಷ್ಠ ಇಪ್ಪತ್ತು ಒಳ್ಳೆಯ ಬರಹ, ನಿಮ್ಮ ಬಗ್ಗೆ ಒಂದು ಪುಟ, ಖಾಸಗಿತನದ ನೀತಿಯ ಪುಟ ಇಟ್ಟುಕೊಳ್ಳಿ. ಇಪ್ಪತ್ತು ಎಂಬುದು ಗೂಗಲ್ ಹೇಳಿದ ಲೆಕ್ಕವಲ್ಲ, ನನ್ನ ಅನುಭವದ ಲೆಕ್ಕ.

ಖಾತೆಯಲ್ಲಿ 10 ಡಾಲರ್ ಆದಾಗ ಗೂಗಲ್ ಒಂದು ಪಿನ್ ಸಂಖ್ಯೆಯನ್ನು ಅಂಚೆಯಲ್ಲಿ ಮನೆಗೆ ಕಳಿಸುತ್ತದೆ. ಅದನ್ನು ಖಾತೆಯಲ್ಲಿ ತುಂಬದಿದ್ದರೆ ಹಣ ಬರುವುದಿಲ್ಲ. ನಾನು ವಿಳಾಸದಲ್ಲಿ ಬರೀ ಬಡಾವಣೆಯ ಹೆಸರು ಬರೆದಿದ್ದೆ. ಕ್ರಾಸ್ ನಂಬರ್ ಇಲ್ಲ, ಮನೆ ನಂಬರ್ ಇಲ್ಲ. ಮೊದಲ ಕಾಗದ ಬರಲೇ ಇಲ್ಲ. ವಿಳಾಸ ತಿದ್ದಿ, ಮತ್ತೆ ಪಿನ್ ಕೇಳಿ, ಕಾಯುತ್ತಾ ಕೂತೆ. ಕೊನೆಗೆ ಅಂಚೆಯವರು ತಂದುಕೊಟ್ಟ ಆ ಚಿಕ್ಕ ಕಾಗದವನ್ನು ಅಳತೆ ಪುಸ್ತಕದೊಳಗೆ ಇಟ್ಟಿದ್ದೇನೆ, ಇಂದಿಗೂ ಇದೆ. ನೀವು ಮೊದಲ ದಿನವೇ ಮನೆ ನಂಬರ್, ಕ್ರಾಸ್, ಹತ್ತಿರದ ಗುರುತು, ಊರಿನ ಪಿನ್‌ಕೋಡ್ ಎಲ್ಲ ಬರೆಯಿರಿ. ಹೆಸರು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇದ್ದಂತೆಯೇ ಇರಲಿ. ಹಣ ಹೊರದೇಶದಿಂದ ಬರುವುದರಿಂದ ಬ್ಯಾಂಕಿನ ಸ್ವಿಫ್ಟ್ ಕೋಡ್ ಕೂಡ ಬೇಕಾಗುತ್ತದೆ. ಬ್ರಾಂಚಿಗೆ ಹೋಗಿ ಕೇಳಿದರೆ ಹೇಳುತ್ತಾರೆ.

100 ಡಾಲರ್ ಆದ ಮೇಲೆ ಮುಂದಿನ ತಿಂಗಳು 21ರಿಂದ 26ನೇ ತಾರೀಖಿನೊಳಗೆ ಹಣ ಬಿಡುತ್ತಾರೆ. ಅಷ್ಟು ಆಗದಿದ್ದರೆ ಹಾಗೇ ಮುಂದಕ್ಕೆ ಹೋಗುತ್ತದೆ, ಕಳೆದುಹೋಗುವುದಿಲ್ಲ. ಜಾಹೀರಾತುದಾರರು ಕೊಟ್ಟ ಹಣದಲ್ಲಿ ನಮ್ಮ ಪಾಲು ಸುಮಾರು 68%. 2024ರಿಂದ ಲೆಕ್ಕ ಕ್ಲಿಕ್ಕಿನ ಮೇಲಲ್ಲ, ಜಾಹೀರಾತು ಎಷ್ಟು ಸಲ ಕಾಣಿಸಿತು ಎನ್ನುವುದರ ಮೇಲೆ ನಡೆಯುತ್ತದೆ. ನಿಮ್ಮ ಜಾಹೀರಾತನ್ನು ನೀವೇ ಒತ್ತಬೇಡಿ. ತಂಗಿಗೆ, ಗೆಳತಿಗೆ "ಸುಮ್ನೆ ಒಂದು ಸಲ ಒತ್ತು" ಎಂದೂ ಹೇಳಬೇಡಿ. ಖಾತೆ ಮುಚ್ಚಿಹೋಗುತ್ತದೆ, ಮತ್ತೆ ತೆರೆಸುವುದು ಬಹಳ ಕಷ್ಟ.

ಒಳಗೆ ಹೋದ ಮೇಲೆ ಎರಡು ಕೆಲಸ ಮರೆಯಬೇಡಿ. ಬ್ಲಾಕಿಂಗ್ ಕಂಟ್ರೋಲ್ಸ್ ಎಂಬ ಜಾಗದಲ್ಲಿ ಜ್ಯೋತಿಷ್ಯ, ತೂಕ ಇಳಿಸುವುದು, ದಿಢೀರ್ ಶ್ರೀಮಂತಿಕೆ ಇಂಥ ವರ್ಗಗಳನ್ನು ನಿಲ್ಲಿಸಬಹುದು. ನಾನು ನಿಲ್ಲಿಸಿದ್ದೇನೆ. ಗೂಗಲ್ ತಾನೇ ಜಾಗ ಆರಿಸಿ ಜಾಹೀರಾತು ಹಾಕುವ ಆಟೋ ಆಡ್ಸ್‌ನಲ್ಲಿ ಇಡೀ ಪರದೆ ಮುಚ್ಚುವ ಬಗೆಯನ್ನೂ ಆಫ್ ಮಾಡಿದ್ದೇನೆ. ಅಳತೆಯ ಪಟ್ಟಿಗೂ ಕಟಿಂಗ್ ಚಿತ್ರಕ್ಕೂ ನಡುವೆ ನಾನು ಏನನ್ನೂ ಹಾಕುವುದಿಲ್ಲ. ಆದಾಯ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ.

ಬೇರೆ ನೆಟ್‌ವರ್ಕುಗಳನ್ನು ಅಳೆಯುವುದು

ಯಾರಾದರೂ "ನಮ್ಮಲ್ಲಿ ರೇಟ್ ಜಾಸ್ತಿ" ಎಂದರೆ ಆರ್‌ಪಿಎಂ ಕೇಳಿ. ಸಾವಿರ ಪುಟ ವೀಕ್ಷಣೆಗೆ ಬರುವ ಹಣ ಅದು. ತಿಂಗಳಿಗೆ 12,000 ವೀಕ್ಷಣೆಯಿಂದ 480 ರೂಪಾಯಿ ಬಂತು ಅಂದುಕೊಳ್ಳಿ. 480ನ್ನು 12ರಿಂದ ಭಾಗಿಸಿದರೆ ಆರ್‌ಪಿಎಂ 40 ರೂಪಾಯಿ. ಬೇರೆ ನೆಟ್‌ವರ್ಕನ್ನು ಇದೇ ಲೆಕ್ಕದಲ್ಲಿ ನಿಮ್ಮ ಪುಟದ ಮೇಲೆಯೇ ಒಂದು ತಿಂಗಳು ಅಳೆಯಿರಿ. ಇನ್ನೊಬ್ಬರ ಸ್ಕ್ರೀನ್‌ಶಾಟ್ ನಂಬಬೇಡಿ. ಅಮೆರಿಕದ ಓದುಗರು ಇರುವ ಇಂಗ್ಲಿಷ್ ಪುಟದ ರೇಟು ನಮ್ಮ ಕನ್ನಡ ಪುಟಕ್ಕೆ ಬರುವುದಿಲ್ಲ. ದಸರಾ, ದೀಪಾವಳಿ ಸಮಯದ ರೇಟನ್ನು ಏಪ್ರಿಲ್ ತಿಂಗಳಿಗೆ ಹೋಲಿಸುವುದೂ ತಪ್ಪು.

ಮೀಡಿಯಾವೈನ್, ರಾಪ್ಟಿವ್ ಎಂಬ ದೊಡ್ಡ ಹೆಸರುಗಳನ್ನು ಕೇಳಿರಬಹುದು. ಬಹುಕಾಲ ಮೊದಲನೆಯದು ತಿಂಗಳಿಗೆ 50,000 ಸೆಷನ್ (ಓದುಗರು ಒಂದು ಸಲ ಬಂದು ಹೋದರೆ ಒಂದು ಸೆಷನ್), ಎರಡನೆಯದು 1,00,000 ಪುಟ ವೀಕ್ಷಣೆ ಕೇಳುತ್ತಿದ್ದವು. ಈಗ ಷರತ್ತು ಬದಲಾಗಿದೆ, ಆದರೆ ಅವರಿಗೆ ಬೇಕಾದ ಓದುಗರು ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದವರು. ನೀವು ಇಂಗ್ಲಿಷಿನಲ್ಲಿ ಅಕ್ಕಿರೊಟ್ಟಿ, ಬಿಸಿಬೇಳೆಬಾತ್ ಬರೆದು ಅಲ್ಲಿನ ಕನ್ನಡಿಗರು ಓದುತ್ತಿದ್ದರೆ ವಿಚಾರಿಸಿ ನೋಡಿ. ಬರೀ ಕನ್ನಡದವರಾದರೆ ಅದಕ್ಕೆ ಸಮಯ ಕೊಡಬೇಡಿ.

ಒಂದು ಸಲ ನಾನೂ ದಾರಿ ತಪ್ಪಿದ್ದೆ. ಕೂಡಲೇ ಒಪ್ಪಿಗೆ, ಕಡಿಮೆ ಮೊತ್ತಕ್ಕೇ ಹಣ ಎಂದು ಹೇಳಿದ ಒಂದು ನೆಟ್‌ವರ್ಕಿನ ಕೋಡ್ ಹಾಕಿದೆ. ಪುಟದಲ್ಲಿ ಎಲ್ಲಿ ಮುಟ್ಟಿದರೂ ಹಿಂದೆ ಇನ್ನೊಂದು ಕಿಟಕಿ ತೆರೆಯುವ ಬಗೆ ಅದು. ಒಂಬತ್ತನೇ ದಿನ ಹರಿಹರದಿಂದ ಒಬ್ಬ ಹಿರಿಯರು ಫೋನ್ ಮಾಡಿದರು. "ಏನಮ್ಮಾ ಇದು, ನಿನ್ನ ಪುಟ ತೆಗೆದ್ರೆ ಫೋನಿಗೆ ವೈರಸ್ ಬಂದಿದೆ ಅಂತ ಕೆಂಪಗೆ ಬರ್ತಿದೆ. ನನ್ನ ಮಗ ಇನ್ಮೇಲೆ ಇದನ್ನ ತೆಗಿಬೇಡ ಅಂದ." ನನಗೆ ಕೈಕಾಲು ತಣ್ಣಗಾಯಿತು. ಹೊಲಿಯುತ್ತಿದ್ದ ಬ್ಲೌಸಿನ ತೋಳನ್ನು ಅಲ್ಲೇ ಮೆಷಿನ್ ಮೇಲೆ ಬಿಟ್ಟು ಎದ್ದು ಕೋಡ್ ತೆಗೆದೆ. ಆ ಒಂಬತ್ತು ದಿನಕ್ಕೆ ಬಂದದ್ದು ಒಂದು ಬ್ಲೌಸಿನ ಮಜೂರಿಯಷ್ಟೂ ಇಲ್ಲ. ಅವರು ಮತ್ತೆ ಓದಲು ಶುರುಮಾಡಿದ್ದು ಎರಡು ತಿಂಗಳ ಮೇಲೆ, ನಾನೇ ಫೋನ್ ಮಾಡಿ ಕ್ಷಮೆ ಕೇಳಿದ ಮೇಲೆ.

ಆದ್ದರಿಂದ ಯಾವ ನೆಟ್‌ವರ್ಕ್ ಸೇರಿದರೂ, ಕೋಡ್ ಹಾಕಿದ ದಿನವೇ ನಿಮ್ಮದಲ್ಲದ ಒಂದು ಹಳೆಯ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ನಿಮ್ಮ ಪುಟ ತೆರೆದು ಕೊನೆಯವರೆಗೆ ಓದಿ. ನಾನು ಅತ್ತೆಯ ಫೋನ್ ಬಳಸುತ್ತೇನೆ. ಇನ್ನೊಂದು ಮಾತು: ಕಿರಿಕಿರಿಯ ಜಾಹೀರಾತು ಅತಿಯಾಗಿರುವ ತಾಣಗಳಲ್ಲಿ ಕ್ರೋಮ್ ಬ್ರೌಸರ್ 2018ರಿಂದ ಜಾಹೀರಾತುಗಳನ್ನೇ ತಡೆಯುತ್ತದೆ. ಆಗ ಒಳ್ಳೆಯ ಜಾಹೀರಾತಿನ ಹಣವೂ ಹೋಗುತ್ತದೆ.

ಅಫಿಲಿಯೇಟ್

ನನಗೆ ನಿಜವಾಗಿ ಕೈಹಿಡಿದದ್ದು ಇದು. ನನ್ನ ನಿಯಮ ಒಂದೇ: ನಾನು ಬಳಸದ ವಸ್ತುವಿಗೆ ಲಿಂಕ್ ಹಾಕುವುದಿಲ್ಲ.

ಕತ್ತರಿಯ ಬಗ್ಗೆ ಬರೆಯುವ ಮೊದಲು ನಾನು ಮೀರತ್ತಿನ ಒಂದು 10 ಇಂಚಿನ ಕತ್ತರಿಯನ್ನು ಎರಡು ತಿಂಗಳು ಬಳಸಿದೆ. ಲೈನಿಂಗ್ ಸೇರಿಸಿ ನಾಲ್ಕು ಪದರ ಕಾಟನ್ ಮಡಚಿ ಕತ್ತರಿಸಿದೆ. ಜರಿ ಅಂಚಿನ ಮೇಲೆ ಹಾಯಿಸಿದೆ. ಜಾರುವ ಸ್ಯಾಟಿನ್ ಮೇಲೆ ತುದಿ ಕಚ್ಚುತ್ತದೋ ಇಲ್ಲವೋ ನೋಡಿದೆ. ಆಮೇಲೆ ಬರೆದೆ: ಭಾರ ಜಾಸ್ತಿ, ಚಿಕ್ಕ ಕೈಯವರಿಗೆ ಸಂಜೆಗೆ ಹೆಬ್ಬೆರಳು ನೋಯುತ್ತದೆ, ಅವರು 8 ಇಂಚಿನದು ತೆಗೆದುಕೊಳ್ಳಲಿ. ಆ ದೋಷ ಬರೆದ ಮೇಲೆಯೇ ಜನ ಜಾಸ್ತಿ ಕೊಂಡರು.

ಅಫಿಲಿಯೇಟ್ ಪ್ರೋಗ್ರಾಂ ಆರಿಸುವಾಗ ಕಮಿಷನ್ ಶೇಕಡಾವಾರು ಮಾತ್ರ ನೋಡಬೇಡಿ. ನಿಮ್ಮ ಓದುಗರು ಈಗಾಗಲೇ ನಂಬುವ ಅಂಗಡಿಯೇ, ಅವರ ಊರಿಗೆ ಡೆಲಿವರಿ ಇದೆಯೇ, ಕ್ಯಾಶ್ ಆನ್ ಡೆಲಿವರಿ ಸಿಗುತ್ತದೆಯೇ, ವಾಪಸ್ ಮಾಡುವುದು ಸುಲಭವೇ ಎಂದು ನೋಡಿ. ಜಗಳೂರಿನ ಹಳ್ಳಿಗೆ ತಲುಪದ ಅಂಗಡಿಯ 15% ಕಮಿಷನ್‌ನಿಂದ ನನಗೇನು ಪ್ರಯೋಜನ? ಆಮೇಲೆ ಕುಕೀ ಅವಧಿ ನೋಡಿ. ಓದುಗರು ನಿಮ್ಮ ಲಿಂಕ್ ಒತ್ತಿದ ಮೇಲೆ ಎಷ್ಟು ಹೊತ್ತಿನೊಳಗೆ ಕೊಂಡರೆ ನಿಮಗೆ ಕಮಿಷನ್ ಎಂಬ ಲೆಕ್ಕ ಅದು. ಅಮೆಜಾನಿನ ಅಫಿಲಿಯೇಟ್ ಪ್ರೋಗ್ರಾಂ ಆದ ಅಮೆಜಾನ್ ಅಸೋಸಿಯೇಟ್ಸ್‌ನಲ್ಲಿ 24 ಗಂಟೆ. ದಾರ, ಸೂಜಿ, ಕತ್ತರಿಗೆ ಅಷ್ಟು ಸಾಕು. ಹೊಲಿಗೆ ಮೆಷಿನ್ ಆದರೆ ಮನೆಯಲ್ಲಿ ಕೇಳಿ, ಹಣ ಹೊಂದಿಸಿ ಕೊಳ್ಳುವಷ್ಟರಲ್ಲಿ ವಾರ ಕಳೆಯುತ್ತದೆ. ಅಂಥದ್ದಕ್ಕೆ ಹೆಚ್ಚು ದಿನ ಕೊಡುವ ಪ್ರೋಗ್ರಾಂ ಹುಡುಕಿ. ಕ್ಯೂಲಿಂಕ್ಸ್‌ನಂಥ ಭಾರತದ ಅಫಿಲಿಯೇಟ್ ನೆಟ್‌ವರ್ಕಿನಲ್ಲಿ ಹಲವು ಅಂಗಡಿಗಳು ಒಂದೇ ಕಡೆ ಸಿಗುತ್ತವೆ, ಒಂದೊಂದರ ಷರತ್ತನ್ನೂ ಓದಬಹುದು.

ಅಮೆಜಾನಿನಲ್ಲಿ ಸೇರಿ 180 ದಿನದೊಳಗೆ 3 ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತಾರೆ. ಆದ್ದರಿಂದ ಓದುಗರು ಬರಲು ಶುರುವಾದ ಮೇಲೆ ಸೇರಿ. ನಿಮ್ಮ ಲಿಂಕಿನಿಂದ ನೀವೇ ಕೊಂಡರೆ ಲೆಕ್ಕಕ್ಕೆ ಬರುವುದಿಲ್ಲ. ಬೆಲೆಯನ್ನು ಕೈಯಿಂದ ಬರೆದಿಡಬೇಡಿ, ನಾಳೆ ಬದಲಾಗುತ್ತದೆ, ನಿಯಮವೂ ಒಪ್ಪುವುದಿಲ್ಲ.

ಲಿಂಕ್ ಹತ್ತಿರವೇ "ಇದರಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ" ಎಂದು ಕನ್ನಡದಲ್ಲೇ ಬರೆಯಿರಿ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಜೊತೆಗೆ ಲಿಂಕಿನ ಕೋಡಿನಲ್ಲಿ, ಇದು ಹಣ ಬರುವ ಲಿಂಕ್ ಎಂದು ಗೂಗಲ್‌ಗೆ ತಿಳಿಸುವ ಸ್ಪಾನ್ಸರ್ಡ್ (rel="sponsored") ಎಂಬ ಗುರುತು ಸೇರಿಸಿ, ಗೂಗಲ್ 2019ರಿಂದ ಅದನ್ನು ಕೇಳುತ್ತಿದೆ.

ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳಿಂದ ಯಾರಾದರೂ ನೋಂದಣಿಗೆ ಇಷ್ಟು ಎಂದು ಆಸೆ ತೋರಿಸಿದರೆ ಉತ್ತರವನ್ನೇ ಕೊಡಬೇಡಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣ ಕಟ್ಟಿ ಆಡುವ ಆಟದ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ. ಕಾಯ್ದೆ ಇಲ್ಲದಿದ್ದರೂ ನಾನು ಹಾಕುತ್ತಿರಲಿಲ್ಲ. ನನ್ನ ಓದುಗರ ಮನೆಯಲ್ಲಿ ಬ್ಲೌಸ್ ಹೊಲಿದ ದುಡ್ಡು ಸ್ಕೂಲ್ ಫೀಸಿಗೆ ಹೋಗುತ್ತದೆ.

ತೆರಿಗೆ ವಿಷಯ ಚಿಕ್ಕದು. ಪ್ಯಾನ್ ಕೊಡಿ. ಭಾರತದ ಕಂಪನಿ ಕೊಡುವ ಕಮಿಷನ್ ವರ್ಷಕ್ಕೆ 20,000 ರೂಪಾಯಿ ದಾಟಿದರೆ 2% ಟಿಡಿಎಸ್, ಅಂದರೆ ಹಣ ಕೊಡುವಾಗಲೇ ತೆರಿಗೆ, ಹಿಡಿಯುತ್ತಾರೆ. ರಿಟರ್ನ್ ಹಾಕುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಇವೆಲ್ಲ ಇದ್ದೂ, ನಿಮ್ಮ ಊರಿನ ಅಂಗಡಿಯನ್ನು ಮರೆಯಬೇಡಿ. ಮಂಡಿಪೇಟೆಯ ಒಂದು ಹೊಲಿಗೆ ಸಾಮಾನಿನ ಅಂಗಡಿಯವರು ತಿಂಗಳಿಗೆ 800 ರೂಪಾಯಿ ಕೊಟ್ಟು ನನ್ನ ಪುಟದ ಕೆಳಗೆ ಒಂದು ಚಿತ್ರ ಹಾಕಿಸುತ್ತಾರೆ. ನಡುವೆ ಯಾವ ನೆಟ್‌ವರ್ಕೂ ಇಲ್ಲ. ನಾನು ತಿಂಗಳ ಕೊನೆಗೆ ಎಷ್ಟು ಜನ ಆ ಚಿತ್ರ ಒತ್ತಿದರು ಎಂದು ಒಂದು ಚೀಟಿಯಲ್ಲಿ ಬರೆದು, ಹುಕ್ಕು, ಕ್ಯಾನ್ವಾಸ್ ತರಲು ಹೋದಾಗ ಕೊಟ್ಟು ಬರುತ್ತೇನೆ. ಅವರು ಅದನ್ನು ಗಲ್ಲಾಪೆಟ್ಟಿಗೆಯ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ.